ಹೊಸ ಗಣಕದಲ್ಲಿ ಹಳೆಯ ತಂತ್ರಾಂಶ

ಯಂತ್ರವು ಸವೆಯುತ್ತದೆ, ಕಾಗದವು ಜೀರ್ಣವಾಗುತ್ತದೆ. ಆದರೆ ಗಣಕದ ತಂತ್ರಾಂಶವೆಂಬುದು ಆಜ್ಞೆಗಳ ಸರಣಿಯಾದುದರಿಂದ, ಬರೆದ ದಿನ ಹೇಗಿತ್ತೋ ಮೂವತ್ತು ವರ್ಷಗಳ ತರುವಾಯವೂ ಅಕ್ಷರಶಃ ಹಾಗೆಯೇ ಇರುತ್ತದೆ. ಹೀಗಿದ್ದೂ, ಹಳೆಯ ಗಣಕವನ್ನು ಮೂಲೆಗಿಟ್ಟು ಹೊಸದೊಂದನ್ನು ಮನೆಗೋ ಮುದ್ರಣಾಲಯಕ್ಕೋ ತಂದವರು, ತಾವು ಅಷ್ಟು ಕಾಲ ನೆಚ್ಚಿಕೊಂಡಿದ್ದ ತಂತ್ರಾಂಶವನ್ನು ಅದರಲ್ಲಿ ತೆರೆಯಹೋದಾಗ, ಇದು ಈ ಗಣಕದಲ್ಲಿ ನಡೆಯದು ಎಂಬ ಒಂದೇ ಸಾಲಿನ ಉತ್ತರವನ್ನು ಕಂಡು ದಿಗ್ಭ್ರಮೆಗೊಳ್ಳುವುದುಂಟು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ, ಯಾವ ತಂತ್ರಾಂಶವೂ ಸ್ವತಂತ್ರವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಕಡತವನ್ನು ತೆರೆಯುವುದಕ್ಕೂ, ಪರದೆಯ ಮೇಲೆ ಅಕ್ಷರವನ್ನು ಮೂಡಿಸುವುದಕ್ಕೂ, ಪ್ರಿಂಟರಿಗೆ ಪುಟವನ್ನು ಕಳುಹಿಸುವುದಕ್ಕೂ ಅದು ಕಾರ್ಯಾಚರಣ ವ್ಯವಸ್ಥೆಯನ್ನೇ ಆಶ್ರಯಿಸುತ್ತದೆ. ಇಂಥ ಪ್ರಶ್ನೆಗೆ ಇಂಥ ಉತ್ತರ ಬರುವುದೆಂಬ ವಿಶ್ವಾಸದ ಮೇಲೆಯೇ ಅದರ ಪ್ರತಿಯೊಂದು ಆಜ್ಞೆಯೂ ರಚಿತವಾಗಿರುತ್ತದೆ. ವ್ಯವಸ್ಥೆ ಬದಲಾದಾಗ ಪ್ರಶ್ನೆ ಹಾಗೆಯೇ ಉಳಿದು, ಉತ್ತರ ಬೇರೆಯಾಗುತ್ತದೆ.

ಕೆಲವೊಮ್ಮೆ ಉತ್ತರಿಸುವವರೇ ಇಲ್ಲವಾಗುತ್ತಾರೆ. 1981ರಲ್ಲಿ ಬಂದ ಎಂಎಸ್-ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಮತ್ತು ಅದರ ಮೇಲೆ ಬೆಳೆದ ಮೊದಲ ವಿಂಡೋಸ್‌ಗಳ ತಂತ್ರಾಂಶಗಳು ಇಂಟೆಲ್ 8086ರ ವಂಶದ ಸಂಸ್ಕಾರಕಗಳಿಗಾಗಿ 16 ಬಿಟ್‌ಗಳ ಭಾಷೆಯಲ್ಲಿ ರಚಿತವಾದವು. ಮುಂದೆ 32 ಬಿಟ್‌ಗಳ ವಿಂಡೋಸ್ ಬಂದಾಗಲೂ ಅವುಗಳಿಗೆಂದೇ ಒಳಗೊಂದು ಪ್ರತ್ಯೇಕ ಏರ್ಪಾಡನ್ನು ಉಳಿಸಿಕೊಳ್ಳಲಾಯಿತು. ಆದರೆ 64 ಬಿಟ್‌ಗಳ ಸ್ಥಿತಿಯಲ್ಲಿ ಸಂಸ್ಕಾರಕವೇ ಆ ಹಳೆಯ ನಡೆಯನ್ನು ಕೈಬಿಟ್ಟಿತು. ವಿಂಡೋಸ್ 10ರವರೆಗೆ 32 ಬಿಟ್‌ಗಳ ಆವೃತ್ತಿಯೂ ದೊರೆಯುತ್ತಿದ್ದುದರಿಂದ ಒಂದು ಬಾಗಿಲು ತೆರೆದಿತ್ತು. 2021ರ ವಿಂಡೋಸ್ 11ರೊಡನೆ ಅದೂ ಮುಚ್ಚಿತು. ಇದರಲ್ಲಿ ಇನ್ನೊಂದು ತೊಡಕೂ ಇದೆ: ಆ ಕಾಲದ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್‌ನವಾಗಿದ್ದರೂ ಅವುಗಳನ್ನು ಗಣಕದಲ್ಲಿ ಸ್ಥಾಪಿಸುವ ಇನ್‌ಸ್ಟಾಲರ್ ಮಾತ್ರ 16 ಬಿಟ್‌ನದಾಗಿರುವುದರಿಂದ, ಒಳಗೆ ಬಂದರೆ ಸರಿಯಾಗಿ ನಡೆಯಬಲ್ಲ ಸರಕೂ ಹೊಸ್ತಿಲಲ್ಲೇ ತಡೆಯಲ್ಪಡುತ್ತದೆ.

ಇದಕ್ಕಿಂತ ವಿಸ್ಮಯಕರವಾದುದು, ಗಣಕದ ವೇಗವೇ ತಂತ್ರಾಂಶಕ್ಕೆ ಮುಳುವಾದ ಪ್ರಸಂಗ. ಬೋರ್ಲೆಂಡ್ ಸಂಸ್ಥೆಯ ಟರ್ಬೋ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ರಚಿತವಾದ ಅನೇಕ ಕಾರ್ಯಕ್ರಮಗಳು, ಆರಂಭವಾದ ಕೂಡಲೇ ಸಂಸ್ಕಾರಕದ ವೇಗವನ್ನು ಅಳೆಯುತ್ತಿದ್ದವು: ಸುಮಾರು 55 ಮಿಲಿಸೆಕೆಂಡಿನ ಅವಧಿಯಲ್ಲಿ ಆಜ್ಞೆಗಳ ಒಂದು ಸಣ್ಣ ಸುತ್ತನ್ನು ಎಷ್ಟು ಬಾರಿ ನಡೆಸಲಾಯಿತೆಂದು ಎಣಿಸಿ, ಆ ಸಂಖ್ಯೆಯನ್ನು 55ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದ 16 ಬಿಟ್‌ಗಳ ಸ್ಥಳದಲ್ಲಿ ಇಡುತ್ತಿದ್ದವು. ಸಂಸ್ಕಾರಕದ ವೇಗ 200 ಮೆಗಾಹರ್ಟ್ಸ್‌ನ ಆಸುಪಾಸನ್ನು ಮೀರಿದಾಗ ಭಾಗಲಬ್ಧ ಆ ಸ್ಥಳದಲ್ಲಿ ಹಿಡಿಸದೆ, ಸೊನ್ನೆಯಿಂದ ಭಾಗಿಸಿದಾಗ ಬರುವ ದೋಷಸೂಚನೆಯನ್ನೇ ತೋರಿಸಿ ಕಾರ್ಯಕ್ರಮ ನಿಂತುಹೋಗುತ್ತಿತ್ತು. ಸೊನ್ನೆ ಎಲ್ಲಿಯೂ ಇರಲಿಲ್ಲ. ಗಣಕಗಳು ಅಷ್ಟು ಶೀಘ್ರವಾಗಿ ಅಷ್ಟು ವೇಗವನ್ನು ಪಡೆದಾವೆಂದು ರಚಿಸಿದವರು ಊಹಿಸಿರಲಿಲ್ಲ, ಅಷ್ಟೆ.

ಇಂಥ ವಿಘ್ನಗಳ ನಡುವೆಯೂ ಹಳೆಯ ತಂತ್ರಾಂಶಗಳು ಬಹುಸಂಖ್ಯೆಯಲ್ಲಿ ಇಂದಿಗೂ ನಡೆಯುತ್ತಿರುವುದು ಯಾರ ಕಣ್ಣಿಗೂ ಬೀಳದ ಒಂದು ಬಗೆಯ ಪರಿಶ್ರಮದಿಂದ. 1995ರ ವಿಂಡೋಸ್ ಸಿದ್ಧವಾಗುತ್ತಿದ್ದಾಗ ಸಿಮ್‌ಸಿಟಿ ಎಂಬ ಜನಪ್ರಿಯ ಆಟ ಅದರಲ್ಲಿ ಕೆಟ್ಟು ನಿಲ್ಲುತ್ತಿತ್ತು. ಬಿಟ್ಟುಕೊಟ್ಟ ಸ್ಮೃತಿಸ್ಥಾನವನ್ನು ಅದು ಮತ್ತೆ ಓದುತ್ತಿದ್ದುದೇ ಕಾರಣ. ಹಳೆಯ ವ್ಯವಸ್ಥೆಯಲ್ಲಿ ಆ ಸ್ಥಾನವನ್ನು ಒಡನೆಯೇ ಯಾರೂ ಬಳಸದಿದ್ದುದರಿಂದ ತಪ್ಪು ಮರೆಯಾಗಿತ್ತು. ಮೈಕ್ರೋಸಾಫ್ಟ್‌ನ ತಂತ್ರಜ್ಞರು ಇದನ್ನು ಪತ್ತೆಹಚ್ಚಿ, ಸಿಮ್‌ಸಿಟಿ ನಡೆಯುತ್ತಿದೆಯೆಂದು ತಿಳಿದಾಗ ಬಿಟ್ಟ ಸ್ಥಾನವನ್ನು ಒಡನೆಯೇ ಬೇರೆಯವರಿಗೆ ಕೊಡದಂತೆ ವಿಂಡೋಸ್‌ನಲ್ಲಿಯೇ ವಿಶೇಷ ವ್ಯವಸ್ಥೆ ಮಾಡಿದರೆಂದು ತಂತ್ರಾಂಶ ಲೇಖಕ ಜೋಯೆಲ್ ಸ್ಪೋಲ್ಸ್ಕಿ ಬರೆದಿದ್ದಾರೆ. ಪರರ ಗ್ರಂಥದ ತಪ್ಪಿಗಾಗಿ ತಮ್ಮ ಗ್ರಂಥವನ್ನು ತಿದ್ದಿಕೊಂಡ ಈ ಸೌಜನ್ಯ ನನಗೆ ಬಹಳ ದೊಡ್ಡದಾಗಿ ತೋರುತ್ತದೆ.

ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಈ ಸೌಜನ್ಯ ಬಳಕೆದಾರರ ಕೈಗೂ ಎಟಕುವಂತಾಯಿತು. ತಂತ್ರಾಂಶದ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬ ಪುಟವನ್ನು ತೆರೆದು, ಹಿಂದಿನ ಒಂದು ಆವೃತ್ತಿಯನ್ನು ಆರಿಸಿದರೆ, ಹೊಸ ವ್ಯವಸ್ಥೆಯು ಆ ತಂತ್ರಾಂಶದ ಮುಂದೆ ತಾನು ಹಳೆಯದೇ ಎಂಬಂತೆ ನಡೆದುಕೊಳ್ಳುತ್ತದೆ. ಕೆಲವು ಏರ್ಪಾಡುಗಳು ಕೇಳದೆಯೇ ಒದಗುತ್ತವೆ. ವಿಂಡೋಸ್ ವಿಸ್ತಾ ಬಂದ ಮೇಲೆ ಸಾಮಾನ್ಯ ಬಳಕೆದಾರರ ತಂತ್ರಾಂಶಗಳು ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನಲ್ಲಿ ಬರೆಯುವಂತಿಲ್ಲವೆಂದಾಯಿತು. ಆದರೂ ಹಿಂದಿನ ರೂಢಿಯಂತೆ ಅಲ್ಲಿಯೇ ಬರೆಯಹೋಗುವ ಹಳೆಯ ತಂತ್ರಾಂಶಕ್ಕೆ ಆಗಲಿ ಎಂದು ಹೇಳಿ, ಆ ಬರಹವನ್ನು ಬಳಕೆದಾರರದೇ ಬೇರೊಂದು ಫೋಲ್ಡರಿನಲ್ಲಿ ಇಡಲಾಗುತ್ತದೆ. 1957ರಲ್ಲಿ ನಯಾ ಪೈಸೆ ಬಂದ ಮೇಲೂ ಆಣೆಯ ಲೆಕ್ಕದಲ್ಲಿಯೇ ಕೇಳುವ ಹಿರಿಯರಿಗೆ ಅಂಗಡಿಯವನು ಆಣೆಯಲ್ಲಿಯೇ ಬೆಲೆ ಹೇಳಿ, ತನ್ನ ಪುಸ್ತಕದಲ್ಲಿ ಪೈಸೆಗಳನ್ನು ಬರೆದುಕೊಂಡಂತೆ ಇದು. ಆಪಲ್ ಸಂಸ್ಥೆಯ ಮಾರ್ಗ ಬೇರೆ. ಕೆಲವು ವರ್ಷ ಅವಕಾಶ ಕೊಟ್ಟು ಅನಂತರ ಅದು ಹಳೆಯದನ್ನು ಬಿಟ್ಟೇಬಿಡುತ್ತದೆ. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಲ್ಲಿ 32 ಬಿಟ್‌ಗಳ ತಂತ್ರಾಂಶಗಳೆಲ್ಲ ಒಮ್ಮೆಲೇ ನಿಂತುದು ಇದಕ್ಕೆ ನಿದರ್ಶನ.

ಯಾವ ಹೊಂದಾಣಿಕೆಯೂ ಫಲಿಸದಿದ್ದಾಗ, ಹೊಸ ಗಣಕದೊಳಗೆ ಹಳೆಯ ಗಣಕವನ್ನೇ ತಂತ್ರಾಂಶದ ರೂಪದಲ್ಲಿ ನಿರ್ಮಿಸುವುದುಂಟು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಡಾಸ್ ಕಾಲದ ಟರ್ಬೋ ಸಿ++ ಎಂಬ ಪ್ರೋಗ್ರಾಮಿಂಗ್ ಸಾಧನದ ನೀಲಿ ಪರದೆ ಎಷ್ಟೋ ವರ್ಷ ಉಳಿದುಬಂದದ್ದು ಡಾಸ್‌ಬಾಕ್ಸ್ ಎಂಬ ಇಂಥ ಅನುಕರಣದ ಬಲದಿಂದಲೇ. ಕಂಟ್ರೋಲ್ ಕೀಲಿಯೊಡನೆ ಎಫ್11ನ್ನು ಒತ್ತಿದರೆ ಅದರೊಳಗಿನ ಕಲ್ಪಿತ ಗಣಕದ ವೇಗ ತಗ್ಗುತ್ತದೆ, ಎಫ್12ನ್ನು ಒತ್ತಿದರೆ ಏರುತ್ತದೆ. ವೇಗದಿಂದ ಕೆಡುವ ತಂತ್ರಾಂಶಕ್ಕೆ ಇದಕ್ಕಿಂತ ಉಚಿತವಾದ ಚಿಕಿತ್ಸೆಯಿಲ್ಲ. ಇಂಥದೇ ಇನ್ನೊಂದು ಕಲ್ಪಿತ ಗಣಕವಾದ ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯಂಥ ಇಡೀ ವ್ಯವಸ್ಥೆಯನ್ನೇ ಸ್ಥಾಪಿಸಿಕೊಳ್ಳಬಹುದು; ಆದರೆ ಅದರ ಭದ್ರತಾ ತಿದ್ದುಪಡಿಗಳು ನಿಂತು ಬಹುಕಾಲವಾಗಿರುವುದರಿಂದ ಅದಕ್ಕೆ ಅಂತರಜಾಲದ ಸಂಪರ್ಕ ಕೊಡಲೇಬಾರದು.

ಕನ್ನಡಿಗರ ಪಾಲಿಗೆ ಈ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳನ್ನು ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಶ್ರೀಲಿಪಿ ಮೊದಲಾದ ಕನ್ನಡ ಬರಹದ ತಂತ್ರಾಂಶಗಳಲ್ಲಿ ಸಿದ್ಧವಾದ ಅಸಂಖ್ಯ ಪುಸ್ತಕಗಳ ಕಡತಗಳಲ್ಲಿ, ಗಣಕದ ದೃಷ್ಟಿಯಿಂದ, ಕನ್ನಡವೇ ಇಲ್ಲ. ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೆ ಕನ್ನಡ ಅಕ್ಷರಭಾಗಗಳ ಆಕೃತಿಯನ್ನು ಫಾಂಟ್ ತೊಡಿಸಿರುತ್ತದೆ. ಫಾಂಟ್ ಇಲ್ಲದ ಗಣಕದಲ್ಲಿ ಒಂದು ಕಾದಂಬರಿ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ತಂತ್ರಾಂಶವನ್ನು ಕಷ್ಟಪಟ್ಟು ನಡೆಸಿದರೂ ಒಳಗಿನ ಬರಹವನ್ನು ಯೂನಿಕೋಡ್‌ಗೆ ತಾರದೆ ಗತ್ಯಂತರವಿಲ್ಲ. ಪರಿವರ್ತಕಗಳೇನೋ ಉಚಿತವಾಗಿ ದೊರೆಯುತ್ತವೆ. ಆದರೆ ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಮಕಾರದ ಅನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ಮಕಾರದ ಮೊದಲೇ ರಕಾರವಾಗಿ ಬರಬೇಕು. ಈ ಸ್ಥಾನಪಲ್ಲಟದಲ್ಲಿಯೂ, ಒತ್ತಕ್ಷರಗಳು ಸೇರುವಲ್ಲಿಯೂ ಪರಿವರ್ತಕ ಎಡವುವುದುಂಟು. ಆದಕಾರಣ ಪರಿವರ್ತಿತ ಪ್ರತಿಯನ್ನು ಮೂಲದೊಡನೆ ಒಬ್ಬರು ಸಾಲು ಸಾಲಾಗಿ ಓದಿ ತಿದ್ದುವವರೆಗೂ ಹಳೆಯ ಕಡತ, ಅದರ ಫಾಂಟ್, ಅದನ್ನು ತೆರೆಯಬಲ್ಲ ತಂತ್ರಾಂಶ, ಈ ಮೂರನ್ನೂ ಒಂದೆಡೆ ಜೋಪಾನವಾಗಿ ಇಟ್ಟಿರಬೇಕು.