ಬೆಲ್ಲ ಎಲ್ಲಿಗೆ ಬಂತು?

ಇನ್ನೂರು ರೂಪಾಯಿಯ ಮೊಬೈಲ್ ಕವರ್ ತರಿಸಿದರೂ ಅದು ಯಾವ ಊರು ದಾಟಿತು ಎಂದು ದಿನಕ್ಕೆ ಹತ್ತು ಸಲ ನೋಡುವ ಜನ ನಾವು. ಹಾಗಿರುವಾಗ ಸಾವಿರಾರು ರೂಪಾಯಿ ಮುಂಗಡ ಕೊಟ್ಟವರು ‘ನಮ್ಮ ಬೆಲ್ಲ ಎಲ್ಲಿಗೆ ಬಂತು?’ ಎಂದು ಕೇಳಿದರೆ ತಪ್ಪೇನು? ನಮ್ಮ ಮನೆಯಲ್ಲಿ ಮಾತ್ರ ಆ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ.

ಚಿಕ್ಕಪ್ಪನ ಆಲೆಮನೆ ಇರುವುದು ಮದ್ದೂರು ತಾಲ್ಲೂಕಿನಲ್ಲಿ. ಆರ್ಡರ್ ಹಿಡಿಯುವವರು ಮಳವಳ್ಳಿಯಲ್ಲಿ ಅಂಗಡಿ ಇಟ್ಟಿರುವ ಅತ್ತೆ. ಪಾರ್ಸೆಲ್ ಹೊರಡುವುದು ಮಂಡ್ಯದಿಂದ. ನಾನು ಅಲ್ಲಿ ಬಿಸಿಎ ಓದುತ್ತಿರುವುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಇದೆಲ್ಲ ಬೇಕಿರಲಿಲ್ಲ. ಮೈಸೂರಿಗೆ ಹೋಗುವ ಕಾರುಗಳು ಮದ್ದೂರಿನ ಮೇಲೆಯೇ ಹಾದುಹೋಗುತ್ತಿದ್ದವು. ವಡೆಗೋ ಎಳನೀರಿಗೋ ನಿಂತವರು ಎರಡು ಅಚ್ಚು ಬೆಲ್ಲವನ್ನೂ ಒಯ್ಯುತ್ತಿದ್ದರು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮದ್ದೂರಿಗೂ ಬೈಪಾಸ್, ಮಂಡ್ಯಕ್ಕೂ ಬೈಪಾಸ್. ರಸ್ತೆ ಚೆನ್ನಾಗಿದೆ, ನಾನೂ ಅದರಲ್ಲಿ ಓಡಾಡುತ್ತೇನೆ. ಆದರೆ ಗಿರಾಕಿ ನಿಲ್ಲುವುದಿಲ್ಲ ಎಂದಮೇಲೆ ಬೆಲ್ಲವೇ ಗಿರಾಕಿಯ ಮನೆಗೆ ಹೋಗಬೇಕಾಯಿತು.

ಹೋದ ಸಂಕ್ರಾಂತಿಗೆ ಬೆಂಗಳೂರಿನ ಒಬ್ಬ ಗೃಹಿಣಿ 30 ಕೆ.ಜಿ. ಅಚ್ಚು ಬೆಲ್ಲ ಕೇಳಿದ್ದರು. ಎಳ್ಳು–ಬೆಲ್ಲದ ಪೊಟ್ಟಣ ಕಟ್ಟಿ ಮಾರುವವರು ಅವರು. ಹಬ್ಬಕ್ಕೆ ವಾರ ಮುಂಚೆ ಬೆಲ್ಲ ಕೈಸೇರಿದರೆ ಮಾತ್ರ ಅದನ್ನು ಕತ್ತರಿಸಿ ಒಣಗಿಸಲು ಸಮಯ. ಫೋನ್ ಬಂದಾಗ ಅತ್ತೆ ‘ಕಟ್ಟಾಗೈತೆ’ ಎಂದರು. ಚಿಕ್ಕಪ್ಪ ‘ಆಗ್ಲೇ ಮಂಡ್ಯಕ್ಕೆ ಕಳಿಸ್ದೆ’ ಎಂದರು. ನಿಜವಾಗಿ ಪೆಟ್ಟಿಗೆ ಬೆಂಗಳೂರಿನ ಕೊರಿಯರ್ ಗೋದಾಮೊಂದರಲ್ಲಿ ಕೂತಿತ್ತು. ಅತ್ತೆ ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಾರೆ. ಅವರ ೬ ಯಾವುದು, ೯ ಯಾವುದು ಎಂದು ಪಕ್ಕನೆ ತಿಳಿಯದು. ವಿಳಾಸದ ಚೀಟಿ ಬರೆಯುವಾಗ ಮನೆ ನಂಬರ್ ಬದಲಾಗಿಬಿಟ್ಟಿತ್ತು. ಹಬ್ಬ ಮುಗಿದ ಮೇಲೆ ಬೆಲ್ಲ ವಾಪಸ್ ಬಂತು. ಬಿಳುಪು ಬರಲೆಂದು ಹೈಡ್ರೋಸ್ ಹಾಕದೆ ಮಾಡುವ ಕಂದು ಬೆಲ್ಲ ನಮ್ಮದು. ತೇವ ಎಳೆದುಕೊಂಡು ಪೆಟ್ಟಿಗೆಯ ತಳ ಅಂಟಂಟಾಗಿತ್ತು. ದುಡ್ಡನ್ನು ಅತ್ತೆ ಅದೇ ದಿನ ಹಿಂತಿರುಗಿಸಿದರು. ಆದರೆ ಆ ಹೆಂಗಸು ‘ಮುಂಗಡ ತಗೊಂಡು ಮೋಸ ಮಾಡೋರು’ ಅಂದಿದ್ದರಲ್ಲ, ಆ ಮಾತಿಗೆ ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

ಟ್ರ್ಯಾಕಿಂಗ್ ಮಾಡೋಣ ಎಂದು ಹೊರಟಿದ್ದು ಆಮೇಲೆ. ಪ್ರೋಗ್ರಾಮ್ ಬರೆಯುವುದು ದೊಡ್ಡ ವಿಷಯವಲ್ಲ: ಒಂದು ಗೂಗಲ್ ಫಾರ್ಮ್, ಅದರ ಹಿಂದೆ ಒಂದು ಶೀಟ್, ಶೀಟಿನಿಂದ ಒಂದು ಸಾಲು ಹೆಕ್ಕಿ ತೋರಿಸುವ ಸಣ್ಣ ಪುಟ. ಎರಡು ಭಾನುವಾರದ ಕೆಲಸ. ಕಷ್ಟ ಇದ್ದದ್ದು ಅದಕ್ಕೆ ಸುದ್ದಿ ಉಣಿಸುವವರು ಯಾರು ಎಂಬುದರಲ್ಲಿ. ‘ಕೊಪ್ಪರಿಗೆ ಇಳಿಸಿದ ತಕ್ಷಣ ಒಂದು ಬಟನ್ ಒತ್ತಿ ಚಿಕ್ಕಪ್ಪ’ ಎಂದೆ. ಅವರು ನನ್ನನ್ನೇ ನೋಡಿ, ‘ಹದ ನೋಡ್ಲಾ, ಫೋನ್ ನೋಡ್ಲಾ?’ ಎಂದರು. ಅದಕ್ಕೆ ಉತ್ತರವಿಲ್ಲ. ಪಾಕ ಅರೆನಿಮಿಷ ಮೀರಿದರೆ ಬೆಲ್ಲದ ಕತೆ ಮುಗಿಯಿತು.

ಆದ್ದರಿಂದ ನಿಯಮವನ್ನು ತಿರುಗಿಸಿದೆವು. ಕೊಡುವವರು ಏನೂ ಬರೆಯುವುದು ಬೇಡ, ತೆಗೆದುಕೊಳ್ಳುವವರು ಬರೆಯಲಿ. ಆಲೆಮನೆಯಿಂದ ಬೆಲ್ಲ ಬಂದಾಗ ಕಟ್ಟುವ ಚಿಕ್ಕಮ್ಮ ಗುರುತು ಹಾಕುತ್ತಾರೆ. ಪೆಟ್ಟಿಗೆ ಮಂಡ್ಯ ಮುಟ್ಟಿದಾಗ ನಾನು. ‘ಕಳಿಸಿದೆ’ ಎಂದು ಬಾಯಲ್ಲಿ ಹೇಳುವುದು ಸುಲಭ. ‘ನನ್ನ ಕೈಗೆ ಬಂತು’ ಎಂದು ಬರೆಯಬೇಕಾದರೆ ವಸ್ತು ಎದುರಿಗೇ ಇರಬೇಕು.

ಇನ್ನು ೬–೯ರ ಗೋಳು. ಇದಕ್ಕೆ ಉಪಾಯ ಸಿಕ್ಕಿದ್ದು ಸ್ಪೀಡ್ ಪೋಸ್ಟ್ ರಸೀದಿಯಲ್ಲಿ. ಅದರ ನಂಬರಿನಲ್ಲಿ ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಭಾರತದ ಗುರುತಾಗಿ ‘ಐಎನ್’ ಇರುತ್ತವೆ. ಒಂಬತ್ತನೆಯ ಅಂಕಿ ಸುಮ್ಮನೆ ಬಂದದ್ದಲ್ಲ, ಮೊದಲ ಎಂಟರ ಲೆಕ್ಕದಿಂದ ಹುಟ್ಟಿದ ಕಾವಲುಗಾರ. ನಾವೂ ಅಂಥದ್ದೊಂದು ಚಿಕ್ಕ ಕಾವಲು ಇಟ್ಟುಕೊಂಡೆವು. ಆರ್ಡರ್ 248 ಎಂದಿಟ್ಟುಕೊಳ್ಳಿ. ಅಂಕಿಗಳನ್ನು ಕ್ರಮವಾಗಿ 4, 3, 2ರಿಂದ ಗುಣಿಸಿ ಕೂಡಿದರೆ 36. ಅದನ್ನು 11ರಿಂದ ಭಾಗಿಸಿದರೆ ಉಳಿಯುವುದು 3. ಹಾಗಾಗಿ ಗಿರಾಕಿಗೆ ಕೊಡುವ ನಂಬರ್ 2483. ಯಾರಾದರೂ 2843 ಎಂದು ಬರೆದರೆ ಲೆಕ್ಕ ಕೂಡದೆ ಫಾರ್ಮ್ ಕೆಂಪಾಗುತ್ತದೆ. ಶೇಷ 10 ಬರುವ ಸಂಖ್ಯೆಗಳನ್ನು ಬಿಟ್ಟುಬಿಡುತ್ತೇವೆ. 246 ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮನೆ ನಂಬರಿಗೆ ಮಾತ್ರ ಇಂಥ ಕಾವಲು ಸಾಧ್ಯವಿಲ್ಲ. ಅದಕ್ಕೇ ವಿಳಾಸವನ್ನು ಗಿರಾಕಿಗಳಿಂದಲೇ ಫಾರ್ಮಿನಲ್ಲಿ ತುಂಬಿಸುತ್ತೇವೆ.

ಹೀಗೆ ಮಾಡ ಹೊರಟವರಿಗೆ ಒಂದು ಮಾತು. ಆರ್ಡರ್ ನಂಬರ್ ಒಂದನ್ನೇ ಕೇಳಿ ಎಲ್ಲವನ್ನೂ ತೋರಿಸಬೇಡಿ. ಪಕ್ಕದ ನಂಬರ್ ಹಾಕಿ ಇನ್ನೊಬ್ಬರ ಮನೆ, ಫೋನ್ ತಿಳಿಯುವುದು ಯಾರಿಗೂ ಕಷ್ಟವಲ್ಲ. ನಮ್ಮಲ್ಲಿ ಮೊಬೈಲಿನ ಕೊನೆಯ ನಾಲ್ಕು ಅಂಕಿಯನ್ನೂ ಕೇಳುತ್ತೇವೆ, ಆಮೇಲೂ ವಿಳಾಸ ತೋರಿಸುವುದಿಲ್ಲ.

ಪುಟದಲ್ಲಿ ಏನು ಬರೆಯಬೇಕು ಎಂಬುದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ. ನಾನು ‘ಪ್ರೊಸೆಸಿಂಗ್’, ‘ಶಿಪ್ಡ್’ ಎಂದು ಹಾಕಿದ್ದೆ. ‘ನಂಗೇ ತಿಳೀದಿದ್ದನ್ನ ಗಿರಾಕಿಗೆ ಹೆಂಗ್ಲಾ ಹೇಳಾದು?’ ಎಂದರು ಅತ್ತೆ. ಈಗ ಇರುವುದು: ಬರೆದುಕೊಂಡಿದ್ದೇವೆ, ದುಡ್ಡು ಮುಟ್ಟಿದೆ, ಕಟ್ಟಿದ್ದೇವೆ, ಹೊರಟಿದೆ, ತಲುಪಿದೆ. ಇವುಗಳ ನಡುವೆ ದೊಡ್ಡ ಕಂಪನಿಗಳ ಆ್ಯಪ್‌ಗಳಲ್ಲಿ ಕಾಣದ ಇನ್ನೊಂದಿದೆ: ‘ಪಾಕ ಆಗಬೇಕು’. ಒಲೆ ಉರಿಯುವುದು ಕಬ್ಬಿನ ಒಣಸಿಪ್ಪೆಯಲ್ಲಿ. ಮಳೆ ಹಿಡಿದು ಸಿಪ್ಪೆ ನೆನೆದರೆ ಆಲೆಮನೆ ನಿಲ್ಲುತ್ತದೆ. ‘ಹೀಗೆ ಬರೆದರೆ ಗಿರಾಕಿ ಓಡಿಹೋಗುತ್ತಾರೆ’ ಎಂದು ಚಿಕ್ಕಮ್ಮನಿಗೆ ಅಂಜಿಕೆ ಇತ್ತು. ಓಡಲಿಲ್ಲ. ‘ಮಳೆ ನಿಂತ ಮೇಲೇ ಕಳ್ಸಿ, ಪರವಾಗಿಲ್ಲ’ ಎನ್ನುತ್ತಾರೆ. ಜನ ಸಿಟ್ಟಾಗುತ್ತಿದ್ದುದು ತಡಕ್ಕಲ್ಲ, ದಿನಕ್ಕೊಂದು ಮಾತಿಗೆ ಎಂದು ನನಗನ್ನಿಸಿದ್ದು ಆಗಲೇ.

ಈಗ ಉಳಿದಿರುವ ತಲೆನೋವು ‘ತಲುಪಿದೆ’. ಅದನ್ನು ಗಿರಾಕಿಯೇ ಒತ್ತಬೇಕು. ಬೆಲ್ಲ ಕೈಸೇರಿದ ಮೇಲೆ ಯಾರು ಒತ್ತುತ್ತಾರೆ! ಹೊರಟು ನಾಲ್ಕು ದಿನವಾದರೂ ಗುರುತು ಬೀಳದ ಸಾಲು ಶೀಟಿನಲ್ಲಿ ಹಳದಿಯಾಗುತ್ತದೆ. ಆಗ ಅತ್ತೆಯೇ ಫೋನ್ ಮಾಡಿ, ‘ಬೆಲ್ಲ ಬಂತೇನವ್ವಾ?’ ಎಂದು ಕೇಳುತ್ತಾರೆ. ಹಾಗೆ ಮಾತಾಡುವಾಗಲೇ ಇನ್ನೆರಡು ಕೆ.ಜಿ.ಗೆ ಆರ್ಡರ್ ಸಿಗುವುದೂ ಉಂಟು. ಅದನ್ನು ಅವರು ಇವತ್ತಿಗೂ ಮೊದಲು ಬರೆಯುವುದು ನೋಟ್‌ಬುಕ್ಕಿನಲ್ಲೇ, ಕನ್ನಡ ಅಂಕಿಯಲ್ಲೇ.