ಹಳೇ ಟಿಟಿ ಎಸಿ ತಂಪು ಕೊಡ್ತಿಲ್ವಾ? ಗ್ಯಾಸ್ ಹಾಕಿಸೋಕೆ ಮೊದಲು ಇಷ್ಟು ನೋಡ್ಕೊಳ್ಳಿ

ಗಂಗಾವತಿ: ಬೇಸಿಗೆಯ ಜೊತೆಗೆ ಮದುವೆ ಸೀಸನ್ನೂ ಬರುತ್ತೆ. ಮಂತ್ರಾಲಯ, ಶ್ರೀಶೈಲ, ತಿರುಪತಿ ಅಂತ ಟೆಂಪೊ ಟ್ರಾವೆಲರ್‌ಗಳಿಗೆ ಬಿಡುವೇ ಇರಲ್ಲ. ಹಳೇ ಟಿಟಿಯ ಹಿಂದಿನ ಸೀಟು ಬಿಚ್ಚಿಸಿ, ಹಾಸಿಗೆ ಹಾಕಿಸಿ, ಊರೂರು ಸುತ್ತೋ ಗಾಡಿ ಮಾಡಿಕೊಂಡವರೂ ಇದ್ದಾರೆ. ಎಲ್ಲರ ದೂರು ಒಂದೇ: "ಎಸಿ ಗಾಳಿ ಬರ್ತೈತಿ, ತಂಪು ಬರವಲ್ದು." ಅದಕ್ಕೆ ಸಿಗುವ ಉತ್ತರವೂ ಒಂದೇ: "ಗ್ಯಾಸ್ ಖಾಲಿ ಆಗೈತಿ, ಹಾಕಿಸಿಬಿಡ್ರಿ."

ಆದರೆ ಗ್ಯಾಸ್ ಡೀಸೆಲ್ ಥರ ಉರಿದು ಖಾಲಿ ಆಗೋದಲ್ಲ.

ಎಸಿ ಹೇಗೆ ಕೆಲಸ ಮಾಡುತ್ತೆ?

ಎಸಿ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಕಾದ ಗ್ಯಾಸ್ ಕಂಡೆನ್ಸರ್ ಜಾಲಿಯಲ್ಲಿ ಬಿಸಿ ಬಿಟ್ಟು ದ್ರವವಾಗುತ್ತದೆ. ಅದು ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುವಾಗ ಗಾಡಿಯೊಳಗಿನ ಬಿಸಿ ಹೀರಿಕೊಳ್ಳುತ್ತದೆ. ಅದೇ ಗ್ಯಾಸ್ ಮತ್ತೆ ಮತ್ತೆ ಸುತ್ತುತ್ತಿರುತ್ತದೆ.

ಹಳೇ ಗಾಡಿಯಲ್ಲಿ ಪೈಪು, ಸೀಲುಗಳಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರುವುದು ಸಹಜ. ಆದರೆ ಹೋದ ಬೇಸಿಗೆಗೆ ಹಾಕಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಮುಚ್ಚದೆ ಗ್ಯಾಸ್ ಹಾಕಿಸೋದು ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದಂತೆ.

ನೀವೇ ನೋಡಬಹುದಾದ್ದು

ಗಾಡಿ ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಬಂದರೆ ಮೊದಲು ಕಂಡೆನ್ಸರ್ ಫ್ಯಾನ್ ನೋಡಿ. ಅನೇಕ ಟಿಟಿಗಳಲ್ಲಿ ಇದು ಛಾವಣಿ ಮೇಲಿರುತ್ತದೆ, ಹಾಗಾಗಿ ಯಾರೂ ಹತ್ತಿ ನೋಡುವುದಿಲ್ಲ. ಜಾಲಿಯಲ್ಲಿ ಭತ್ತದ ಹೊಟ್ಟು, ಕೆಂಪು ಧೂಳು ಕೂತಿದ್ದರೆ ಎಂಜಿನ್ ಆಫ್ ಮಾಡಿ, ಸಾದಾ ಪೈಪಿನ ನೀರಲ್ಲಿ ತೊಳೆಯಿರಿ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಜಾಲಿ ಮಡಚಿಹೋಗುತ್ತದೆ.

ಗಾಳಿಯೇ ಕಡಿಮೆ ಬಂದರೆ ಫಿಲ್ಟರ್ ಕಟ್ಟಿರಬಹುದು. ಪ್ರಯಾಣಿಕರ ತಲೆ ಮೇಲೆ ನೀರು ತೊಟ್ಟಿಕ್ಕಿದರೆ ಡ್ರೈನ್ ಪೈಪು ಕಟ್ಟಿರುತ್ತದೆ. ಎಸಿ ಸ್ವಿಚ್ ಒತ್ತಿದಾಗ ಕಂಪ್ರೆಸರ್ ಕಡೆಯಿಂದ "ಟಕ್" ಸದ್ದು ಬರದಿದ್ದರೆ ಫ್ಯೂಸ್, ರಿಲೇ ನೋಡಿಸಿ. ಗ್ಯಾಸ್ ತೀರಾ ಕಡಿಮೆ ಇದ್ದರೂ ಹೀಗಾಗುತ್ತದೆ. ಪೈಪಿನ ಜಾಯಿಂಟ್‌ನಲ್ಲಿ ಎಣ್ಣೆ ಜಿಡ್ಡಿನ ಮೇಲೆ ಧೂಳು ಅಂಟಿದ್ದರೆ ಅಲ್ಲೇ ಲೀಕ್ ಇರುವ ಸಾಧ್ಯತೆ ಹೆಚ್ಚು, ಯಾಕಂದ್ರೆ ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ ಕೂಡ ಸುತ್ತುತ್ತಿರುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಮೊದಲು ನೈಟ್ರೋಜನ್ ತುಂಬಿ ಲೀಕ್ ಟೆಸ್ಟ್ ಮಾಡಿಸಿ. ಲೀಕ್ ಸರಿಯಾದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ. ಒಳಗೆ ತೇವ ಉಳಿದರೆ ವಾಲ್ವ್‌ನಲ್ಲಿ ಮಂಜುಗಟ್ಟುತ್ತದೆ, ಲೋಹವೂ ತಿನ್ನುತ್ತದೆ. ಪೈಪು ಬಿಚ್ಚಿದ್ದರೆ ಡ್ರೈಯರ್ ಬದಲಿಸುವುದು ಒಳ್ಳೇದು. ಗ್ಯಾಸನ್ನು ಅಂದಾಜಿನಲ್ಲಿ ಅಲ್ಲ, ತೂಕದಲ್ಲಿ ಹಾಕಿಸಿ. ಹೆಚ್ಚಾದರೂ ತಂಪು ಕಮ್ಮಿಯಾಗುತ್ತೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬಹುತೇಕ ಹಳೇ ಟಿಟಿಗಳಿಗೆ ಬೇಕಿರುವುದು ಆರ್-134ಎ ಗ್ಯಾಸ್. ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯದ್ದನ್ನು ಹಾಕಿಸಬೇಡಿ. ಅದು ಬೆಂಕಿ ಹತ್ತಿಕೊಳ್ಳುವಂಥದ್ದು. ಕೂಲಿಂಗ್ ಕಾಯಿಲ್ ಸೋರಿದರೆ ಜನ ಕೂತಿರುವ ಜಾಗಕ್ಕೇ ಬರುತ್ತದೆ.

ಮಳೆಗಾಲದಲ್ಲೂ ಹಾಕಿ

ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಆಯಿಲ್ ಸುತ್ತಿ ಕಂಪ್ರೆಸರ್ ಸೀಲ್ ಒಣಗದಂತೆ ಕಾಪಾಡುತ್ತದೆ. ಆರು ತಿಂಗಳು ಮುಟ್ಟದೇ ಬಿಟ್ಟು ಬೇಸಿಗೆಯಲ್ಲಿ ಒಮ್ಮೆಲೇ ಹಾಕಿದಾಗಲೇ ಸೋರಿಕೆ ಶುರುವಾಗುವುದುಂಟು. ಬಿಸಿಲಲ್ಲಿ ನಿಂತ ಗಾಡಿಯಾದರೆ ಮೊದಲು ಎರಡು ನಿಮಿಷ ಬಾಗಿಲು ತೆರೆದು ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ ಹಾಕಿ.

ಎಸಿ ಹಾಕಿ ಮಲಗೋರು ಇದನ್ನು ಓದಲೇಬೇಕು

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನ್‌ನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರ್‌ನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಸಾವಿಗೆ ಕಾರಣ ಎಂದು ಆಮೇಲೆ ತಿಳಿದುಬಂತು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಬಾಡಿಗೆ ಮೇಲೆ ಹೋದ ಡ್ರೈವರ್‌ಗಳು ಕಲ್ಯಾಣ ಮಂಟಪದ ಮುಂದೆ ಎಂಜಿನ್ ಆನ್ ಇಟ್ಟು, ಗ್ಲಾಸ್ ಏರಿಸಿ ನಿದ್ದೆ ಮಾಡುವುದು ನಾವೆಲ್ಲ ನೋಡಿದ್ದೇ. ಹಳೇ ಗಾಡಿಯ ಸೈಲೆನ್ಸರ್ ತೂತಾಗಿದ್ದರೆ, ಫ್ಲೋರ್ ತುಕ್ಕು ಹಿಡಿದಿದ್ದರೆ ಹೊಗೆ ಒಳಗೆ ಬರಲು ಹೆಚ್ಚು ಹೊತ್ತು ಬೇಡ. ಎಸಿ ಸರ್ವಿಸ್ ಮಾಡಿಸುವ ದಿನವೇ ಇವೆರಡನ್ನೂ ತೋರಿಸಿ. ಮಲಗುವುದಿದ್ದರೆ ಎಂಜಿನ್ ಆಫ್ ಮಾಡಿ, ನೆರಳಲ್ಲಿ ನಿಲ್ಲಿಸಿ, ಗ್ಲಾಸ್ ಇಳಿಸಿ. ಬೆವರು ಬಂದರೂ ಪರವಾಗಿಲ್ಲ, ಬೆಳಿಗ್ಗೆ ಎದ್ದು ಮನೆಗೆ ಬರಬೇಕಲ್ವಾ?