ಮಲಿಕ್-ಎ-ಮೈದಾನ ತೋಪಿನ ಹುಟ್ಟೂರು ಯಾವುದು?

ಎಕ್ಕಂಬಿಯ ನಮ್ಮ ಬಾಲಿಕೆಯರು ಸೋದೆಯ ಹಾಳುಗೋಟೆಗೆ ಹೋಗಿಬಂದಾಗಲೆಲ್ಲ, ಅಲ್ಲಿಯ ಹಳೆಯ ತೋಪುಗಳನ್ನು ಮಾಡಿದವರಾರೆಂದು ನಮ್ಮನ್ನು ಕೇಳುವುದುಂಟು. ಇಂತಹ ಪ್ರಶ್ನೆಗೆ ಉತ್ತರವನ್ನು ಶೋಧಿಸುವ ಕ್ರಮವನ್ನು ವಿಜಯಪುರದ ಪ್ರಖ್ಯಾತ ತೋಪಿನ ನಿದರ್ಶನದಿಂದ ಇಲ್ಲಿ ವಿವರಿಸುವೆವು.

ವಿಜಯಪುರದ ಪಶ್ಚಿಮದ ಕೋಟೆಗೋಡೆಯಲ್ಲಿ ಸಿಂಹದ ಬುರುಜೆಂಬುದೊಂದುಂಟು. ಅದರ ಮೇಲೆ ಮಲಿಕ್-ಎ-ಮೈದಾನ, ಅಂದರೆ ರಣರಂಗದ ಒಡೆಯನು, ವಿರಾಜಿಸುತ್ತಿರುವನು. ತಾಮ್ರ ತವರಗಳ ಮಿಶ್ರಣವಾದ ಕಂಚಿನಿಂದ ಎರಕಹೊಯ್ದ ಈ ತೋಪಿನ ಉದ್ದವು ಸುಮಾರು 14 ಅಡಿ. ತೂಕವು ಸುಮಾರು 55 ಟನ್. ಇದರ ಬಾಯಿಯು ಆನೆಯನ್ನು ನುಂಗುತ್ತಿರುವ ಸಿಂಹಮುಖದಂತಿದೆ.

ವಿಜಯಪುರದಲ್ಲಿರುವುದರಿಂದ ಇದು ಆದಿಲಶಾಹಿ ಅರಸರ ನಿರ್ಮಾಣವೇ ಸರಿಯೆಂದು ನೋಡಿದವರು ಭಾವಿಸುವುದು ಸಹಜ. ತೋಪಿನ ಮೇಲೆ ಔರಂಗಜೇಬನ ಲೇಖವೂ ಇರುವುದರಿಂದ ಅವನೇ ಮಾಡಿಸಿದನೆನ್ನಲೂ ಆಸ್ಪದವುಂಟು. ಆದರೆ ಔರಂಗಜೇಬನು ವಿಜಯಪುರವನ್ನು ಗೆದ್ದುದು 1686ರಲ್ಲಿ. ಅವನ ಲೇಖವು ಆ ಜಯದ ಗುರುತೇ ಹೊರತು ನಿರ್ಮಾಣದ ಗುರುತಲ್ಲ. ಬುರುಜಾದರೂ 1671ರಲ್ಲಿ ಕಟ್ಟಿದ್ದು. ತೋಪಿನ ಮೇಲಿನ ಹಳೆಯ ಲೇಖವೋ 1549ನೆಯ ಇಸವಿಗೆ ಸಲ್ಲತಕ್ಕದ್ದು. ಅದರಲ್ಲಿ ಅಹಮದನಗರದ ನಿಜಾಮಶಾಹನ ಹೆಸರೂ, ಎರಕಹೊಯ್ದ ಮಹಮ್ಮದ ರೂಮಿಯ ಹೆಸರೂ ಇವೆ. ತುರ್ಕರ ನಾಡಿನ ಕಡೆಯವನಿಗೆ ರೂಮಿಯೆನ್ನುವುದು ಆ ಕಾಲದ ವಾಡಿಕೆ. ಹೀಗೆ ಅಹಮದನಗರದಲ್ಲಿ ಜನಿಸಿದ ತೋಪು ಪರಾಂಡಾ ಕೋಟೆಯನ್ನು ಸೇರಿ, ಅಲ್ಲಿಂದ 1632ರಲ್ಲಿ ವಿಜಯಪುರಕ್ಕೆ ಬಂದಿತು. ನಿಂತ ಊರೇ ಹುಟ್ಟಿದ ಊರಲ್ಲ. ಕಡೆಗೆ ಹೆಸರು ಬರೆಯಿಸಿದವನೇ ಕರ್ತನಲ್ಲ.

ಇಷ್ಟೆಲ್ಲ ಚರಿತ್ರೆಯನ್ನು ಮೈಮೇಲೆ ಹೊತ್ತಿದ್ದರೂ, 1854ರಲ್ಲಿ ಸರಕಾರದವರು ಇದನ್ನು ನಿರುಪಯೋಗಿ ವಸ್ತುವೆಂದು ಲಿಲಾವಿಗೆ ಹಾಕಿದರು. ಬಂದ ಬೆಲೆ ಕೇವಲ 150 ರೂಪಾಯಿ! ಜನರಿಗೆ ಈ ತೋಪಿನ ಮೇಲಿದ್ದ ಗೌರವವು ಅಧಿಕಾರಿಗಳ ಗಮನಕ್ಕೆ ಬಂದುದರಿಂದ ಆ ವಿಕ್ರಯವು ರದ್ದಾಯಿತು. ಇಲ್ಲವಾಗಿದ್ದಲ್ಲಿ ಲೋಹದೊಡನೆ ರೂಮಿಯ ಹೆಸರೂ ಕರಗಿಹೋಗುತ್ತಿತ್ತು.

ತಾಯ್ತಂದೆಗಳೇ, ನಮ್ಮ ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಅಟ್ಟದ ಮೇಲೂ ಹಿತ್ತಾಳೆಯ ಹಳೆಯ ಕೊಡ, ಹಂಡೆಗಳಿರಬಹುದು. ಅವುಗಳ ಕಂಠದಲ್ಲಿ ಕೊಟ್ಟವರ ಹೆಸರನ್ನೂ ಇಸವಿಯನ್ನೂ ಕೊರೆಯಿಸುತ್ತಿದ್ದುದನ್ನು ನೀವು ಬಲ್ಲಿರಿ. ಅವನ್ನು ತೂಕಕ್ಕೆ ಹಾಕುವ ಮುನ್ನ ಬೂದಿ ಹುಣಿಸೆಗಳಿಂದ ತಿಕ್ಕಿ, ಆ ಅಕ್ಷರಗಳನ್ನು ಮಗಳಿಂದ ಓದಿಸಿರಿ. ಅವಳು ಕಲಿತ ವಿದ್ಯೆಗೆ ಇದಕ್ಕಿಂತ ಹತ್ತಿರದ ಪ್ರಯೋಜನವು ಬೇರೆಯಿಲ್ಲ.